ಜಾನಪದ ತಂಡ ಲ್ಯಾಪ್‌ಟಾಪ್ ಹಿಡಿದರೆ ಹಳೆಯ ಅಭಿಮಾನಿಗಳಿಗೆ ಸಿಟ್ಟೇಕೆ?

ನೀವು ಮೆಚ್ಚುವ ತಂಡ ತುಳುವಿನ ಜಾನಪದ ಕಥನಗೀತೆಯಾದ ಪಾಡ್ದನಕ್ಕೆ ಇಲೆಕ್ಟ್ರಾನಿಕ್ ತಾಳ ಬೆರೆಸಿದ್ದೇ ತಡ, ಹಳೆಯ ಕೇಳುಗರು ಹರಿಹಾಯ್ದಿದ್ದಾರೆ. ಇದು ಬರೀ ಹಟವೇ ಎಂದು ಕೇಳಿದ್ದೀರಿ. ಹಟ ಇದೆ. ಆದರೆ ಅಷ್ಟೇ ಅಲ್ಲ ಎಂಬುದು ಕಾಸರಗೋಡಿನವನಾದ ನನ್ನ ಅಭಿಪ್ರಾಯ.

ಕರೆಂಟಿನ ಮೇಲೆ ನಮ್ಮವರಿಗೆ ಹಗೆಯಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲೂ ಯಕ್ಷಗಾನಕ್ಕೆ ಮೈಕು ಬಂತು, ಇಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬಂತು. ಅದಕ್ಕಾಗಿ ಯಾರೂ ಆಟ ನೋಡುವುದನ್ನು ಬಿಡಲಿಲ್ಲ. ಶ್ರುತಿಪೆಟ್ಟಿಗೆ ಭಾಗವತರಿಗೆ ಆಸರೆ ಕೊಡುತ್ತದೆ, ಅಪ್ಪಣೆ ಕೊಡುವುದಿಲ್ಲ. ಜಾಗಟೆ ಅವರ ಕೈಯಲ್ಲೇ ಇದೆ. ವೇಷ ಇನ್ನೊಂದಿಷ್ಟು ಕುಣಿಯಲಿ ಎನಿಸಿದರೆ ಅವರು ಪದವನ್ನು ಹಿಗ್ಗಿಸುತ್ತಾರೆ, ಚೆಂಡೆ ಮದ್ದಳೆ ಅವರನ್ನು ಹಿಂಬಾಲಿಸುತ್ತವೆ. ಆದರೆ ಲ್ಯಾಪ್‌ಟಾಪಿನಲ್ಲಿ ಮೊದಲೇ ಮಾಡಿಟ್ಟ ಲೂಪ್, ಅಂದರೆ ತಾನಾಗಿ ಸುತ್ತುತ್ತಲೇ ಇರುವ ತಾಳದ ತುಣುಕು, ಯಾರಿಗೂ ಕಾಯುವುದಿಲ್ಲ.

ಬದಿಯಡ್ಕದ ಕಡೆ ಒಂದು ತಂಡದ ಕಾರ್ಯಕ್ರಮದಲ್ಲಿ ಇದು ಕಣ್ಣಿಗೆ ಕಟ್ಟಿತು. ಪಾಡ್ದನ ಹೇಳುವ ಅಕ್ಕ ಸಾಲಿನ ಕೊನೆಯನ್ನು ರೂಢಿಯಂತೆ ಎಳೆದರು. ಹಿಂದಿನಿಂದ ಲೂಪ್ ಮುಂದಿನ ಸುತ್ತು ಶುರು ಮಾಡಿಬಿಟ್ಟಿತು. ಅವರು ಎಳೆದ ಸ್ವರವನ್ನು ಅರ್ಧಕ್ಕೇ ನುಂಗಿ ಮುಂದಿನ ಸಾಲಿಗೆ ಓಡಬೇಕಾಯಿತು. ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುವವನೋ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅಕ್ಕನ ಮುಖವನ್ನೇ ನೋಡದೆ ಬಾರಿಸುತ್ತಿದ್ದ. ಪಕ್ಕದಲ್ಲಿದ್ದ ಹಿರಿಯರೊಬ್ಬರು, ‘ಪದ ಹೇಳುವುದು ಇವರೋ, ಆ ಪೆಟ್ಟಿಗೆಯೋ?’ ಎಂದು ಗೊಣಗಿದರು. ಮುಂದೆ ಕುಣಿಯುತ್ತಿದ್ದ ಕಾಲೇಜು ಹುಡುಗರಿಗೆ ಇದು ಗೊತ್ತೇ ಆಗಲಿಲ್ಲ. ಅವರ ಖುಷಿಯೂ ಸುಳ್ಳಲ್ಲ.

ಈ ಜಗಳ ಹೊಸದೇನಲ್ಲ. 1965ರ ಜುಲೈ 25ರಂದು ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಜಾನಪದ ಗಾಯಕನೆಂದೇ ಹೆಸರಾಗಿದ್ದ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದಾಗ ಸಭೆಯಲ್ಲಿ ಕೂಗಾಟವೆದ್ದಿತು. ಕೂಗಿದ್ದು ಗಿಟಾರಿನ ಮೇಲಿನ ಸಿಟ್ಟಿಗೋ, ಹಾಡು ಸರಿಯಾಗಿ ಕೇಳಿಸದ ಧ್ವನಿವ್ಯವಸ್ಥೆಗೋ, ಬೇಗ ಮುಗಿಸಿದ್ದಕ್ಕೋ ಎಂಬ ಚರ್ಚೆ ಇನ್ನೂ ತೀರಿಲ್ಲ. ಮರುವರ್ಷ ಮೇ 17ರಂದು ಮ್ಯಾಂಚೆಸ್ಟರಿನಲ್ಲಿ ಒಬ್ಬಾತ ‘ಜೂಡಾಸ್!’ ಎಂದೇ ಕೂಗಿದ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರದು. ಅಂಥವನೊಡನೆ ವಾದಿಸಿ ಫಲವಿಲ್ಲ. ಆದರೆ ಹಾಡು ಕೇಳಿಸಲಿಲ್ಲ ಎಂದು ಕೂಗಿದವನ ದೂರು ನ್ಯಾಯವಾದದ್ದು. ನಿಮ್ಮ ತಂಡವನ್ನು ಬೈಯುವವರಲ್ಲಿ ಯಾರು ಯಾವ ಬಗೆಯವರು ಎಂದು ಮೊದಲು ನೋಡಿ.

ತಂಡದವರ ಪರಿಚಯವಿದ್ದರೆ ಒಂದು ಮಾತು ತಿಳಿಸಿ. ಲೂಪನ್ನು ತಾನಾಗಿ ಓಡಲು ಬಿಡುವ ಬದಲು, ಹಾಡುವವರ ಬಾಯಿ ನೋಡಿಕೊಂಡು ಒಬ್ಬರು ಆ ತಾಳವನ್ನು ಇಲೆಕ್ಟ್ರಾನಿಕ್ ಪ್ಯಾಡಿನ ಮೇಲೆ ಬೆರಳಿನಿಂದ ನುಡಿಸಬಹುದು. ಕಷ್ಟದ ಕೆಲಸ, ಅಭ್ಯಾಸ ಬೇಕು. ಇನ್ನು, ಮೊಬೈಲಿನಲ್ಲಿ ಕೇಳಿ ತೀರ್ಪು ಕೊಡಬೇಡಿ. ಅದರ ಪುಟ್ಟ ಸ್ಪೀಕರಿನಲ್ಲಿ ಇಲೆಕ್ಟ್ರಾನಿಕ್ ತಾಳದ ಬಾಸ್, ಅಂದರೆ ತಗ್ಗಿನ ಗುಡುಗು, ಸರಿಯಾಗಿ ಬರುವುದಿಲ್ಲ, ಹಾಗಾಗಿ ದುಡಿ ಸ್ಪಷ್ಟವಾಗಿಯೇ ಕೇಳುತ್ತದೆ. ದುಡಿ ಆ ಬಾಸ್‌ನಲ್ಲಿ ಮುಳುಗಿಹೋಗುವುದು ಮೈದಾನದಲ್ಲಿ, ಆಳೆತ್ತರದ ಸ್ಪೀಕರುಗಳ ಮುಂದೆ.