ರೇಟು ನಮ್ಮದೇ ಕಡಿಮೆ, ಆರ್ಡರ್ ಮಾತ್ರ ಅವರಿಗೆ

ಪ್ರಶ್ನೆ: ನಮ್ಮದು 14 ಜನರ ಯೂನಿಟ್, ರಬ್ಬರ್ ಸೀಲ್ ಮಾಡುತ್ತೇವೆ. ಒಂದು ಪಂಪ್ ಕಂಪನಿಗೆ ಮೂರು ಸಲ ಕೊಟೇಶನ್ ಕೊಟ್ಟೆವು. ಸ್ಯಾಂಪಲ್ ಪಾಸಾಯಿತು, ರೇಟೂ ನಮ್ಮದೇ ಕಡಿಮೆ. ಆದರೂ ಆರ್ಡರ್ ಹೋದದ್ದು ದೊಡ್ಡ ಕಂಪನಿಗೆ. ‘ನಿಮ್ಮ ಕೆಪಾಸಿಟಿ ಸಾಲದು’ ಎನ್ನುತ್ತಾರೆ. ಅವರಿಗೆ ತಿಂಗಳಿಗೆ 20 ಸಾವಿರ ಸೀಲ್ ಬೇಕು. ನಾವು 35 ಸಾವಿರ ಮಾಡಬಲ್ಲೆವು. ತಪ್ಪು ಎಲ್ಲಿ?

ಉತ್ತರ: ನಾನು 26 ವರ್ಷ ಪರ್ಚೇಸ್‌ನಲ್ಲಿ ಕೂತವನು. ‘ಕೆಪಾಸಿಟಿ ಸಾಲದು’ ಅಂತ ನಾನೂ ಎಷ್ಟೋ ಜನರಿಗೆ ಹೇಳಿ ಕಳಿಸಿದ್ದೇನೆ. ಅರ್ಧ ಸಲ ಅದು ಸುಳ್ಳು. ದೊಡ್ಡ ಕಂಪನಿಯ ಮಾಲು ಕೆಟ್ಟರೆ ಬೈಗುಳ ಆ ಕಂಪನಿಗೆ. ಸಣ್ಣವರ ಮಾಲು ಕೆಟ್ಟರೆ ಅವರನ್ನು ಒಳಗೆ ತಂದವನಿಗೆ. ‘ಇವರನ್ನು ಎಲ್ಲಿ ಹುಡುಕಿದೆ ಮಾರಾಯ?’ ಅಂತ ಮೀಟಿಂಗಿನಲ್ಲಿ ಎಲ್ಲರೆದುರು ಕೇಳಿಸಿಕೊಂಡಿದ್ದೇನೆ.

ಇನ್ನು ನಿಮ್ಮ ಲೆಕ್ಕ. 35ರಲ್ಲಿ 20 ಅಂದರೆ ನೂರಕ್ಕೆ 57. ನೀವು ಇದನ್ನು ತಾಕತ್ತು ಅಂತ ತೋರಿಸಿದಿರಿ, ಅವರಿಗೆ ಕಂಡದ್ದು ಭಯ. ನಾಳೆ ಪಂಪ್ ಮಾರಾಟ ಬಿದ್ದು ಆರ್ಡರ್ 8 ಸಾವಿರಕ್ಕೆ ಇಳಿದರೆ ನೀವು ಸಂಬಳ ಹೇಗೆ ಕೊಡುತ್ತೀರಿ? ನೀವು ಬಾಗಿಲು ಹಾಕಿದರೆ ಅವರ ಸೀಲಿನ ಡೈ, ಅಂದರೆ ಅಚ್ಚು, ನಿಮ್ಮ ಶೆಡ್‌ನಲ್ಲಿ ಸಿಕ್ಕಿಬೀಳುತ್ತದೆ. ಸಪ್ಲೈಯರ್ ಒಬ್ಬರ ವ್ಯಾಪಾರದಲ್ಲಿ ನಮ್ಮ ಪಾಲು ನೂರಕ್ಕೆ 30 ದಾಟಿದರೆ ನಾನು ಫೈಲ್ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದೆ.

ಹಾಗಾಗಿ 20 ಸಾವಿರ ಕೇಳಬೇಡಿ, 5 ಸಾವಿರ ಕೇಳಿ. ‘ಅವರೇ ಮೊದಲಿರಲಿ, ಎರಡನೆಯವರಾಗಿ ನಮ್ಮನ್ನು ಇಟ್ಟುಕೊಳ್ಳಿ’ ಅನ್ನಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಐಬಿಎಂ ತನ್ನ ಪಿಸಿಗೆ ಇಂಟೆಲ್ ಚಿಪ್ ಆರಿಸಿದಾಗ, ಅದೇ ಚಿಪ್ ಮಾಡುವವರು ಇನ್ನೊಬ್ಬರು ಬೇಕೇ ಬೇಕು ಎಂದಿತು. ಅದರಿಂದಾಗಿ 1982ರಲ್ಲಿ ಇಂಟೆಲ್ ತನಗಿಂತ ಚಿಕ್ಕ ಚಿಪ್ ಕಂಪನಿಯಾಗಿದ್ದ ಎಎಂಡಿ ಜೊತೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಡೈ ಪಂಪ್ ಕಂಪನಿಯದೇ, ಬೇಕಾದಾಗ ಒಯ್ಯಬಹುದು ಎಂದು ಬರೆದು ಕೊಡಿ. ಹದಿನೈದು ದಿನದ ಮಾಲು ಅವರಿಗೆಂದೇ ತೆಗೆದಿಡಿ. ರೇಟು ಮಾತ್ರ ಇನ್ನೂ ಇಳಿಸಬೇಡಿ. ತೀರಾ ಕಡಿಮೆ ರೇಟು ನೋಡಿದರೆ ‘ಇವರು ಎಷ್ಟು ದಿನ ಉಳಿದಾರು?’ ಅಂತಲೇ ನಮಗೆ ಅನಿಸುತ್ತಿತ್ತು.

ಪ್ರಶ್ನೆ: ನಮ್ಮದು ಸಣ್ಣ ಕಂಪನಿ. ಎಲ್ಲವನ್ನೂ ದೊಡ್ಡ ಸಪ್ಲೈಯರ್‌ಗಳಿಂದಲೇ ಕೊಂಡರೆ ನಿಶ್ಚಿಂತೆ ಅಲ್ವಾ?

ಉತ್ತರ: ಮಾಲು ಸಲೀಸಾಗಿ ಸಿಗುವವರೆಗೆ ನಿಶ್ಚಿಂತೆ. ಒಮ್ಮೆ ಬೇರಿಂಗ್‌ಗೆ ಬರ ಬಂತು. ನಮಗೆ ಕೊಡುತ್ತಿದ್ದವರು ಬಹಳ ದೊಡ್ಡವರು. ಅವರ ವ್ಯಾಪಾರದಲ್ಲಿ ನಮ್ಮ ಪಾಲು ನೂರಕ್ಕೆ ಅರ್ಧವೂ ಅಲ್ಲ. ಇದ್ದ ಮಾಲೆಲ್ಲ ದೊಡ್ಡ ಗಿರಾಕಿಗಳಿಗೆ ಹಂಚಿಹೋಯಿತು. 11 ವಾರ ನಮಗೆ ಬಂದದ್ದು ಒಂದೇ ಮೇಲ್: ‘ನಿಮ್ಮ ಆರ್ಡರ್ ನಮಗೆ ಮುಖ್ಯ.’ ಅದೇ ದಿನಗಳಲ್ಲಿ ನಮಗೆ ಬುಷ್ ಮಾಡಿಕೊಡುತ್ತಿದ್ದ 9 ಜನರ ವರ್ಕ್‌ಶಾಪಿನ ಯಜಮಾನರು ರಾತ್ರಿ ಹತ್ತೂವರೆಗೆ ತಾವೇ ಬಂದು 200 ಬುಷ್ ಇಳಿಸಿದರು. ರಟ್ಟಿನ ಪೆಟ್ಟಿಗೆ ಸಿಗಲಿಲ್ಲವೆಂದು ಪೇಂಟ್ ಡಬ್ಬದಲ್ಲಿ ತುಂಬಿಕೊಂಡು ಬಂದಿದ್ದರು. ಇನ್‌ವಾಯ್ಸ್ ಬಂದದ್ದು ನಾಲ್ಕು ದಿನ ಬಿಟ್ಟು. ಅದಕ್ಕೆ ಅಕೌಂಟ್ಸ್‌ನವರು ಕೂಗಾಡಿದರು, ಅದು ಬೇರೆ ಕಥೆ.

ದೊಡ್ಡವರಿಗೆ ಆಪತ್ತು ಬರುವುದಿಲ್ಲ ಅಂತಲೂ ಅಲ್ಲ. 1997ರ ಫೆಬ್ರುವರಿ 1ರಂದು ಜಪಾನಿನ ಕರಿಯಾ ನಗರದಲ್ಲಿ ಐಸಿನ್ ಕಂಪನಿಯ ಕಾರ್ಖಾನೆ ಸುಟ್ಟಿತು. ಟೊಯೋಟಾ ಕಾರುಗಳ ಬ್ರೇಕಿಗೆ ಬೇಕಾದ ಒಂದು ಪುಟ್ಟ ವಾಲ್ವ್ ಹೆಚ್ಚುಕಡಿಮೆ ಪೂರ್ತಿ ಅಲ್ಲಿಂದಲೇ ಬರುತ್ತಿತ್ತು. ಸ್ಟಾಕ್ ಹೆಚ್ಚು ಇಟ್ಟಿರಲಿಲ್ಲ. ಜಪಾನಿನಲ್ಲಿ ಟೊಯೋಟಾದ ಹೆಚ್ಚಿನ ಕಾರ್ಖಾನೆಗಳು ನಿಂತವು. ಆಗ ಸುಮಾರು 200 ಕಂಪನಿಗಳು ತಮ್ಮ ತಮ್ಮ ಮೆಷಿನ್‌ಗಳಲ್ಲೇ ಆ ವಾಲ್ವ್ ಕೆಲಸಕ್ಕೆ ಇಳಿದವು. ಹೊಲಿಗೆ ಯಂತ್ರದ ಬ್ರದರ್ ಕೂಡ ಅದರಲ್ಲಿತ್ತು. ಒಂದು ವಾರದ ಹೊತ್ತಿಗೆ ಕಾರುಗಳು ಮತ್ತೆ ಹೊರಬಂದವು.

ನಟ್ಟು ಬೋಲ್ಟಿನಂಥವನ್ನು ದೊಡ್ಡವರಲ್ಲೇ ಕೊಳ್ಳಿ. ನಿಮ್ಮ ಡ್ರಾಯಿಂಗ್‌ಗೆ ಮಾಡಿಸುವ ಭಾಗಗಳಿಗೆ ಬೇರೆ ಥರದವರು ಬೇಕು. ನಿಮ್ಮ ಆರ್ಡರ್ ತಪ್ಪಿದರೆ ಅವರಿಗೆ ಬೇಜಾರಾಗಬೇಕು, ಆದರೆ ಅಷ್ಟಕ್ಕೇ ಮುಳುಗಬಾರದು.

ಪ್ರಶ್ನೆ: ಗಿರಾಕಿ ಕಂಪನಿಯವರು ನಮ್ಮ ಯೂನಿಟ್ ನೋಡಲು ಆಡಿಟ್‌ಗೆ ಬಂದಾಗ ಸ್ವಲ್ಪ ದೊಡ್ಡ ಕಂಪನಿ ಥರ ತೋರಿಸಿಕೊಂಡರೆ ತಪ್ಪಾ?

ಉತ್ತರ: ಸಿಕ್ಕಿಬೀಳುತ್ತೀರಿ. ನಾನು ಮೊದಲು ಹೋಗಿ ನೋಡುತ್ತಿದ್ದುದು ಕೆಟ್ಟ ಮಾಲು ಹಾಕುವ ರಿಜೆಕ್ಷನ್ ಡಬ್ಬವನ್ನು. ಅದು ಪೂರ್ತಿ ಖಾಲಿ ಇದ್ದರೆ ಅನುಮಾನ ಶುರು. ಒಂದು ಕಡೆ ಪಕ್ಕದ ಶೆಡ್‌ನ ಮೆಷಿನ್‌ಗಳನ್ನೂ ತೋರಿಸಿ ‘ಎಲ್ಲ ನಮ್ಮದೇ’ ಎಂದರು. ನಾನು ಸುಮ್ನೆ ಒಬ್ಬ ಆಪರೇಟರ್‌ನನ್ನು ‘ಟೂಲ್ ರೂಮ್ ಎಲ್ಲಿದೆಯಪ್ಪ?’ ಅಂತ ಕೇಳಿದೆ. ‘ಗೊತ್ತಿಲ್ಲ ಸಾರ್, ಇವತ್ತೊಂದು ದಿನಕ್ಕೆ ಬಾ ಅಂದಿದ್ರು’ ಎಂದ.