ಧೈರ್ಯ ಹೇಳುವವರ ನಡುವೆ ಅಳಲು ಜಾಗವಿಲ್ಲ

ಪ್ರಶ್ನೆ: ನನ್ನ ಯಜಮಾನರು ಶಿಕ್ಷಕರು, ವಯಸ್ಸು 46. ಎರಡು ತಿಂಗಳ ಹಿಂದೆ ತರಗತಿಯಲ್ಲಿಯೇ ಫಿಟ್ಸ್ ಬಂದು ಬಿದ್ದರು. ಮೆದುಳಿನ ಮುಂಭಾಗದಲ್ಲಿ ಗಡ್ಡೆಯಿತ್ತು. ಶಸ್ತ್ರಚಿಕಿತ್ಸೆಯ ನಂತರ ಬಯಾಪ್ಸಿಯಲ್ಲಿ ಗ್ಲಿಯೋಮಾ (ಮೆದುಳಿನಲ್ಲೇ ಹುಟ್ಟುವ ಒಂದು ಬಗೆಯ ಗಡ್ಡೆ) ಎಂದು ಬಂದಿದೆ. ಎಂದೂ ಗದರದ ಮನುಷ್ಯ ಈಗ ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ತಳ್ಳುತ್ತಾರೆ, ರಾತ್ರಿಯಿಡೀ ಎದ್ದು ಕೂರುತ್ತಾರೆ. ಬಂದವರೆಲ್ಲ ‘ಧೈರ್ಯವಾಗಿರಿ’ ಎನ್ನುತ್ತಾರೆ. ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ಎಂಟನೆಯ ತರಗತಿಯ ಮಗಳಿಗೆ ತಲೆನೋವೆಂದಷ್ಟೇ ಹೇಳಿದ್ದೇವೆ. ಯಾರ ಬಳಿ ಹೇಳಿಕೊಳ್ಳಲಿ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ತಾಯಿ, ನಲ್ಲಿಯ ಸದ್ದಿನಲ್ಲಿ ಅಳುವನ್ನು ಮುಚ್ಚಿಕೊಳ್ಳಬೇಕಾದ ಸ್ಥಿತಿ ಓದಿ ಮನಸ್ಸು ಕಲಕಿತು. ಮೊದಲು ಆ ತಟ್ಟೆಯ ವಿಷಯ. ಸಿಟ್ಟನ್ನು ಹತೋಟಿಯಲ್ಲಿಡುವ, ಮಾತನ್ನು ಅಳೆದು ಆಡಿಸುವ ಕೆಲಸದಲ್ಲಿ ಮೆದುಳಿನ ಮುಂಭಾಗದ ಪಾತ್ರ ದೊಡ್ಡದು. ಅಲ್ಲಿ ಗಡ್ಡೆ ಬೆಳೆದಾಗ ಸ್ವಭಾವವೇ ಬದಲಾದಂತೆ ಕಾಣಬಹುದು. ಜೊತೆಗೆ, ಬಾವು ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ನಿದ್ದೆ ಕೆಡಿಸಬಹುದು, ಫಿಟ್ಸ್‌ಗೆ ಕೊಡುವ ಲೆವೆಟಿರಾಸೆಟಮ್ ಕೆಲವರಲ್ಲಿ ಸಿಡುಕು ತರುತ್ತದೆ. ಆದ್ದರಿಂದ ಅವರಿಗೆ ನಿಮ್ಮ ಮೇಲಿನ ಪ್ರೀತಿ ಕಡಿಮೆಯಾಗಿದೆಯೆಂದು ದಯವಿಟ್ಟು ಭಾವಿಸಬೇಡಿ. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸದೆ, ಸಿಟ್ಟು ಬಂದ ವೇಳೆ, ನಿದ್ದೆ ಬಾರದ ರಾತ್ರಿ, ನುಂಗಿದ ಮಾತ್ರೆ ಇವಿಷ್ಟನ್ನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಮಾತ್ರೆಯ ಪ್ರಮಾಣವನ್ನೋ ವೇಳೆಯನ್ನೋ ಬದಲಿಸಿದರೆ ಮನೆಯ ವಾತಾವರಣ ಎಷ್ಟೋ ಹಗುರವಾದ ಉದಾಹರಣೆಗಳಿವೆ.

ಇನ್ನು ನಿಮ್ಮ ದುಃಖ. ‘ಧೈರ್ಯವಾಗಿರಿ’ ಎನ್ನುವವರು ಕೆಟ್ಟವರಲ್ಲ, ಆದರೆ ಆ ಮಾತು ಕಿವಿಗೆ ಬಿದ್ದೊಡನೆ ನಮ್ಮ ಬಾಯಿ ಮುಚ್ಚಿಹೋಗುತ್ತದೆ. ಸಲಹೆ ಕೊಡದೆ ಅರ್ಧ ಗಂಟೆ ಕೂತು ಕೇಳಬಲ್ಲ ಒಬ್ಬರನ್ನು, ಅಕ್ಕನಿರಲಿ, ಓಣಿಯ ಗೆಳತಿಯಿರಲಿ, ಆರಿಸಿಕೊಳ್ಳಿ. ಉಳಿದವರಿಗೆ ಆಸ್ಪತ್ರೆಗೆ ಜೊತೆ ಬರುವುದು, ರೇಷನ್ ತರುವುದು ಮುಂತಾದ ಕೆಲಸ ಸಂಕೋಚವಿಲ್ಲದೆ ಒಪ್ಪಿಸಿ. ಯಾರೂ ಸಿಗದ ನಡುರಾತ್ರಿಯಲ್ಲಿ 14416ಕ್ಕೆ ಕರೆ ಮಾಡಬಹುದು. ಅದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ. ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಮನಸ್ಸು ಮತ್ತು ನರಗಳ ಕಾಯಿಲೆ ನೋಡುವ ಆಸ್ಪತ್ರೆಗಳಲ್ಲಿ ನಿಮ್ಮ ಜಿಲ್ಲೆಗೆ ಹತ್ತಿರದಲ್ಲಿ ಧಾರವಾಡದ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹುಚ್ಚು ಹಿಡಿದವರು ಹೋಗುವ ಜಾಗವೆಂಬ ಹಳೆಯ ಮಾತಿಗೆ ಕಿವಿಗೊಡಬೇಡಿ. ರೋಗಿಯನ್ನು ನೋಡಿಕೊಳ್ಳುವವರು ತಮಗಾಗಿಯೇ ಆಪ್ತಸಮಾಲೋಚನೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ನಿಮ್ಮಿಬ್ಬರಲ್ಲಿ ಯಾರಾದರೂ ಬದುಕು ಬೇಡವೆಂದರೆ ಮಾತ್ರ ಒಂದು ದಿನವೂ ಕಾಯಬೇಡಿ.

ಮಗಳಿಗೆ ಸುಳ್ಳು ಹೇಳುವುದನ್ನು ನಿಲ್ಲಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ಎಂಟನೆಯ ತರಗತಿಯ ಹುಡುಗಿ ಅಪ್ಪನ ತಲೆಯ ಮೇಲಿನ ಹೊಲಿಗೆಯನ್ನು ದಿನವೂ ನೋಡುತ್ತಿದ್ದಾಳೆ, ಗೊತ್ತಿಲ್ಲದ್ದನ್ನು ಊಹಿಸಿಕೊಂಡು ಒಬ್ಬಳೇ ಹೆದರುತ್ತಿರಬಹುದು. ‘ಅಪ್ಪನ ಮೆದುಳಿನಲ್ಲಿ ಗಡ್ಡೆಯಿತ್ತು, ಡಾಕ್ಟರು ಚಿಕಿತ್ಸೆ ಕೊಡುತ್ತಿದ್ದಾರೆ, ಅಪ್ಪನ ಸಿಟ್ಟಿಗೆ ನೀನು ಕಾರಣಳಲ್ಲ’ ಎಂದು ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ. ಆಗ ಮೂವರಿಗೂ ಅಳು ಬಂದರೆ ಯಾರೂ ಎದ್ದು ಬಚ್ಚಲಿಗೆ ಹೋಗುವುದು ಬೇಡ.