ಕ್ವಾರ್ಟರ್‌ಬ್ಯಾಕ್‌ಗೆ ತೋಳೊಂದಿದ್ದರೆ ಸಾಕಾ?

ಪ್ರಶ್ನೆ: ಡಲ್ಲಾಸ್‌ನಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಟಿವಿಯಲ್ಲಿ ಅಮೆರಿಕನ್ ಫುಟ್‌ಬಾಲ್ ನೋಡಿದೆ. ಗೆದ್ದರೂ ಸೋತರೂ ಮಾತೆಲ್ಲ ಕ್ವಾರ್ಟರ್‌ಬ್ಯಾಕ್ ಅನ್ನುವ ಒಬ್ಬನದೇ. ಚೆಂಡನ್ನು ದೂರ ಎಸೆಯೋದು ಬಿಟ್ಟರೆ ಅವನಲ್ಲಿ ಅಂಥದ್ದೇನಿರಬೇಕು?
– ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಮೇಷ್ಟ್ರೇ, ದೂರ ಎಸೆಯುವವರಿಗೆ ಅಲ್ಲಿ ಬರವಿಲ್ಲ. 2007ರಲ್ಲಿ ಹೊಸ ಆಟಗಾರರ ಆಯ್ಕೆ ನಡೆದಾಗ ಓಕ್‌ಲೆಂಡ್ ರೈಡರ್ಸ್ ಎಲ್ಲರಿಗಿಂತ ಮೊದಲು ಆರಿಸಿಕೊಂಡದ್ದು ಜಮಾರ್ಕಸ್ ರಸೆಲ್‌ನನ್ನು. ತೋಳು ಅಂದ್ರೆ ತೋಳು! ಮೂರು ಸೀಸನ್ ಆಡಿಸಿ 2010ರಲ್ಲಿ ಕೈಬಿಟ್ಟರು. ಟಾಮ್ ಬ್ರೇಡಿಯ ಸರದಿ ಬಂದದ್ದು 2000ದಲ್ಲಿ, 199ನೆಯವನಾಗಿ. 40 ಗಜ ಓಡೋಕೆ ಅವನಿಗೆ 5.28 ಸೆಕೆಂಡ್ ಬೇಕಾಗಿತ್ತು. ಆ ಆಟದ ಲೆಕ್ಕದಲ್ಲಿ ಅದು ಎಮ್ಮೆ ನಡಿಗೆ. ಕೊನೆಗೆ ಅವನು 7 ಸೂಪರ್ ಬೌಲ್ ಗೆದ್ದ. ಸೂಪರ್ ಬೌಲ್ ಅಂದ್ರೆ ಸೀಸನ್ನಿನ ಫೈನಲ್.

ಅಸಲಿ ಕೆಲಸ ಶುರುವಾಗೋದು ಚೆಂಡು ಕೈಗೆ ಬರುವ ಮೊದಲೇ. ಯಾವ ಆಟ ಆಡಬೇಕು ಅನ್ನೋದನ್ನು ಕೋಚ್ ಕಡೆಯಿಂದ ಹೆಲ್ಮೆಟ್‌ನೊಳಗಿನ ಸ್ಪೀಕರ್‌ನಲ್ಲಿ ಹೇಳುತ್ತಾರೆ. ಹೆಲ್ಮೆಟ್ ಹಿಂದೆ ಹಸಿರು ಚುಕ್ಕಿ ಕಂಡರೆ ಒಳಗೆ ಸ್ಪೀಕರ್ ಇದೆ ಅಂತ ತಿಳಿಯಿರಿ. ಪ್ರತಿ ಸಲ ಆಟ ಶುರು ಮಾಡೋಕೆ ಕೊಡುವ ಸಮಯದಲ್ಲಿ 15 ಸೆಕೆಂಡ್ ಉಳಿದಾಗ ಆ ದನಿ ಕಟ್. ಆಮೇಲೆ ಎದುರಿಗಿರುವ 11 ಜನರ ಮನಸ್ಸಿನಲ್ಲಿ ಏನಿದೆ ಅಂತ ಇವನೇ ಪತ್ತೆ ಹಚ್ಚಬೇಕು. ಅದಕ್ಕೊಂದು ಉಪಾಯ ಉಂಟು. ತನ್ನ ಕಡೆಯ ಒಬ್ಬನನ್ನು ಈ ತುದಿಯಿಂದ ಆ ತುದಿಗೆ ಓಡಿಸುತ್ತಾನೆ. ಎದುರಾಳಿಯೊಬ್ಬ ಅವನ ಬೆನ್ನು ಹತ್ತಿದರೆ, ಸಾಮಾನ್ಯವಾಗಿ ಅವರು ಆಳಿಗೊಬ್ಬರಂತೆ ಕಾಯುತ್ತಿದ್ದಾರೆ ಎಂದರ್ಥ. ಯಾರೂ ಕದಲದಿದ್ದರೆ ಜಾಗ ಹಂಚಿಕೊಂಡು ಕಾಯುತ್ತಿದ್ದಾರೆ. ಅದನ್ನು ನೋಡಿ ನಿಂತ ನಿಲುವಿನಲ್ಲೇ ಆಟ ಬದಲಿಸಬಹುದು. ಹೆಸರಾಂತ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ‘ಒಮಾಹಾ, ಒಮಾಹಾ’ ಅಂತ ಸಂಕೇತದ ಮಾತು ಅರಚುತ್ತಿದ್ದದ್ದು ಇಂಥ ಹೊತ್ತಿನಲ್ಲೇ.

ಚೆಂಡು ಬಂದ ಮೇಲೆ ಸಿಗೋದು ಎರಡೂವರೆ, ಮೂರು ಸೆಕೆಂಡ್. 130 ಕೆಜಿಯ ದಾಂಡಿಗರು ಮೈಮೇಲೆ ಬೀಳೋಕೆ ಬರುತ್ತಿರುತ್ತಾರೆ. ಕಣ್ಣು ಮಾತ್ರ ಅವರ ಮೇಲೆ ಹೋಗಬಾರದು. ಚೆಂಡು ಹಿಡಿಯಬೇಕಾದವರಲ್ಲಿ ಮೊದಲನೆಯವನು ಖಾಲಿ ಇದ್ದಾನಾ? ಇಲ್ಲ. ಎರಡನೆಯವನು? ಎಸೆಯೋದು ಕೂಡ ಅವನಿರುವ ಜಾಗಕ್ಕಲ್ಲ, ಅವನು ಬಂದು ಸೇರುವ ಜಾಗಕ್ಕೆ. ಎಷ್ಟೋ ಸಲ ಹಿಡಿಯುವವನು ಇನ್ನೂ ತಿರುಗಿಯೇ ಇರುವುದಿಲ್ಲ, ಚೆಂಡು ಹೊರಟಾಗಿರುತ್ತೆ.

ಯಾರೂ ಸಿಗದಿದ್ದರೆ? ಗೆರೆಯಾಚೆ ಎಸೆದು ಸುಮ್ನೆ ಇರೋದೂ ಒಂದು ವಿದ್ಯೆ. ನಾಲ್ಕು ಅವಕಾಶದಲ್ಲಿ 10 ಗಜ ಸಾಗಬೇಕು. ಒಂದು ದಂಡವಾದರೆ ಮುಳುಗಿಹೋಗೋದಿಲ್ಲ, ಎದುರಾಳಿಯ ಕೈಗೆ ಕೊಟ್ಟರೆ ಕೆಟ್ಟ ಹಾಗೆ.

ಈ ವಿದ್ಯೆಯಲ್ಲಿ ನನ್ನ ಮಟ್ಟಿಗೆ ಸ್ಯಾನ್ ಫ್ರಾನ್ಸಿಸ್ಕೋದ ಫೋರ್ಟಿನೈನರ್ಸ್ ತಂಡದ ಜೋ ಮೊಂಟಾನಾನೇ ಗುರು. (ಕೆಲಸದ ಮೇಲೆ ಅದೇ ಸೀಮೆಯ ಸ್ಯಾನ್ ಹೋಸೆಯಲ್ಲಿದ್ದವನು ನಾನು. ಫೋರ್ಟಿನೈನರ್ಸ್ ಪಕ್ಷಪಾತ ಇದ್ದದ್ದೇ.) 1989ರ ಜನವರಿ, ಮಯಾಮಿಯಲ್ಲಿ ಸೂಪರ್ ಬೌಲ್. ಸಿನ್ಸಿನಾಟಿ ಬೆಂಗಾಲ್ಸ್ 16, ಫೋರ್ಟಿನೈನರ್ಸ್ 13. ಉಳಿದದ್ದು 3 ನಿಮಿಷ 10 ಸೆಕೆಂಡ್, ದಾಟಬೇಕಾದ್ದು 92 ಗಜ. ಆಗ ಮೊಂಟಾನಾ, ಪ್ರೇಕ್ಷಕರ ನಡುವೆ ಕಂಡ ಹಾಸ್ಯನಟ ಜಾನ್ ಕ್ಯಾಂಡಿಯನ್ನು ಜೊತೆಗಾರನಿಗೆ ತೋರಿಸಿದನಂತೆ! ಈ ಕತೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಜಾಸ್ತಿ ಇಷ್ಟ ಅದರ ನಂತರದ್ದು. ಗದ್ದಲದಲ್ಲಿ ಕೂಗಿ ಕೂಗಿ ಏದುಸಿರು ಬಂದು ಅವನಿಗೆ ತಲೆ ಸುತ್ತಿತು. ಶೂರತನ ತೋರಿಸೋಕೆ ಹೋಗಲಿಲ್ಲ. ಚೆಂಡನ್ನು ಹೊರಗೆ ಬಿಸಾಕಿದ, ಸುಧಾರಿಸಿಕೊಂಡ, ಮತ್ತೆ ಶುರು ಮಾಡಿದ. 34 ಸೆಕೆಂಡ್ ಉಳಿದಿರುವಾಗ ಜೊತೆಗಾರ ಜಾನ್ ಟೇಲರ್ ಕೈಗೆ ಎಸೆದದ್ದು ಟಚ್‌ಡೌನ್, ಅಂದ್ರೆ ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿತು. ಕೊನೆಗೆ 20–16.

ಪ್ರಶ್ನೆ: ಕ್ವಾರ್ಟರ್‌ಬ್ಯಾಕ್ ಎತ್ತರ ಇರಲೇಬೇಕಾ? ಅಮೆರಿಕದಲ್ಲಿರುವ ಮೊಮ್ಮಗನಿಗೆ ಶಾಲಾ ತಂಡ ಸೇರುವ ಆಸೆ. ಸ್ವಲ್ಪ ಗಿಡ್ಡ.
– ಅಜ್ಜಿಯೊಬ್ಬರು, ಶಿರಸಿ

ಉತ್ತರ: ಎತ್ತರ ಇದ್ದರೆ ಅನುಕೂಲವೇ ಅಮ್ಮಾ, ಮುಂದೆ ನಿಂತವರ ತಲೆ ಮೇಲಿಂದ ಮೈದಾನ ಕಾಣುತ್ತೆ. ಆದರೆ ಡ್ರೂ ಬ್ರೀಸ್ 6 ಅಡಿ ಅಷ್ಟೇ. ರಸೆಲ್ ವಿಲ್ಸನ್ ಅದಕ್ಕೂ ಗಿಡ್ಡ. ಇಬ್ಬರೂ ಸೂಪರ್ ಬೌಲ್ ಗೆದ್ದವರು. ಒಂದೆರಡು ಹೆಜ್ಜೆ ಸರಿದು, ದೈತ್ಯರ ನಡುವಿನ ಸಂದಿ ಹುಡುಕಿ ಎಸೆಯುತ್ತಿದ್ದರು. ಹೆಜ್ಜೆ ಇಡೋದನ್ನು ಚೆನ್ನಾಗಿ ಕಲಿಸುವ ಕೋಚ್ ಇದ್ದಾರಾ ಅಂತ ಮಗನ ಹತ್ತಿರ ವಿಚಾರಿಸಿ. ಮೊಮ್ಮಗ ಬಂದಾಗ ತುಪ್ಪ ಸುರಿದು ಎತ್ತರ ಮಾಡೋಕೆ ಹೋಗಬೇಡಿ, ಓಡೋದು ಕಷ್ಟವಾಗುತ್ತೆ!